ಮೊಣಕಾಲಿಗೆ ಯಿಟ್ರಿಯಂ ಇಂಜೆಕ್ಷನ್: ಕಾರ್ಟಿಲೇಜಿನ ಲೆಕ್ಕವನ್ನೂ ಕೊಟ್ಟ ಬೆಳಗಾವಿಯ ವಿಭಾಗ

ನಮ್ಮ ಅವ್ವನ ಬಲ ಮೊಣಕಾಲಿಗೆ ಬೆಳಗಾವಿಯ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ರೇಡಿಯೋಸೈನೋವೆಕ್ಟಮಿ ಮಾಡಿಸಿದೆವು. ಅಂದರೆ ಕೀಲಿನ ಒಳಗೆ ಯಿಟ್ರಿಯಂ ಎಂಬ ವಿಕಿರಣ ಸೂಸುವ ಔಷಧಿಯ ಇಂಜೆಕ್ಷನ್. ಆ ವಿಭಾಗದ ಸೇವೆ ಹೇಗಿತ್ತು ಎಂದು ಬರೆಯುತ್ತಿದ್ದೇನೆ. ಕೆಳಗೆ ಕೆಲವು ದೂರುಗಳೂ ಇವೆ, ಹಾಗಾಗಿ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಂಕ ಕೊಡು ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ನಾಲ್ಕೂ ಅಂಕ ಒಂದೇ ಕಾರಣಕ್ಕೆ. ಕೀಲಿನ ಕಾಯಿಲೆಬಿದ್ದ ಒಳಪೊರೆಗೆ ಎಷ್ಟು ವಿಕಿರಣ ಬೀಳುತ್ತದೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಪಕ್ಕದಲ್ಲೇ ಇರುವ ಕಾರ್ಟಿಲೇಜಿಗೆ, ಅಂದರೆ ಮೂಳೆ ತುದಿಯ ನುಣುಪು ಗಾದಿಗೆ, ಎಷ್ಟು ಬೀಳುತ್ತದೆ ಎಂಬುದನ್ನೂ ಲೆಕ್ಕ ಹಾಕಿ ಕೈಗೆ ಕೊಟ್ಟರು.

ನಾನು ಬೈಲಹೊಂಗಲದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಅರ್ಧಾಯುಷ್ಯದ ಪಾಠ, ಅಂದರೆ ವಿಕಿರಣ ವಸ್ತು ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು, ಪ್ರತಿ ವರ್ಷ ಮಾಡುತ್ತೇನೆ. ಹಾಗಾಗಿ ಈ ಪ್ರಶ್ನೆ ಕೇಳದೆ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಆದರೆ ಇದನ್ನು ಕೇಳಲು ಭೌತಶಾಸ್ತ್ರ ಓದಿರಬೇಕು ಎಂದೇನಿಲ್ಲ. ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಹೇಳಿದ್ದರೆ ನೀವೂ ಕೇಳಬಹುದು, ಕೇಳಬೇಕು.

ಮೊದಲು ಅವ್ವನ ಕಥೆ ಸ್ವಲ್ಪ. ಅವರಿಗೆ ರುಮಟಾಯ್ಡ್ ಸಂಧಿವಾತ ಇದೆ. ಮಾತ್ರೆಗಳಿಂದ ಕೈ, ಭುಜ ಎಲ್ಲಾ ಹತೋಟಿಗೆ ಬಂದವು. ಬಲ ಮೊಣಕಾಲು ಮಾತ್ರ ಮಾತು ಕೇಳಲಿಲ್ಲ. ನೀರು ತುಂಬುವುದು, ತೆಗೆಸುವುದು, ಸ್ಟಿರಾಯ್ಡ್ ಹಾಕಿಸುವುದು, ಮತ್ತೆ ತುಂಬುವುದು. ಕೊನೆಗೆ ನಮ್ಮ ವಾತರೋಗದ ಡಾಕ್ಟರೇ ಈ ಇಂಜೆಕ್ಷನ್ ಬಗ್ಗೆ ಹೇಳಿದರು. ಕೀಲಿನ ಒಳಪೊರೆ, ಅಂದರೆ ಸೈನೋವಿಯಂ, ಊದಿಕೊಂಡು ನೀರು ಬಿಡುತ್ತಿರುತ್ತದೆ. ಕೊಯ್ದು ತೆಗೆಯುವ ಬದಲು ಅದನ್ನು ಬೀಟಾ ಕಣಗಳಿಂದ, ಅಂದರೆ ವೇಗವಾಗಿ ಚಿಮ್ಮುವ ಎಲೆಕ್ಟ್ರಾನುಗಳಿಂದ, ಒಣಗಿಸುವುದು. ಇದು ಹೊಸ ಪ್ರಯೋಗವಲ್ಲ. 1952ರಲ್ಲೇ ವಿಯೆನ್ನಾದಲ್ಲಿ ಫೆಲಿಂಗರ್ ಮತ್ತು ಶ್ಮಿಡ್ ಎಂಬ ವೈದ್ಯರು ಮೊಣಕಾಲಿಗೆ ಚಿನ್ನ-198 ಎಂಬ ವಿಕಿರಣ ಸೂಸುವ ಚಿನ್ನ ಹಾಕಿ ಇದನ್ನು ಶುರು ಮಾಡಿದ್ದರು. ಆ ಚಿನ್ನ ಗಾಮಾ ಕಿರಣವನ್ನೂ ಸೂಸುತ್ತಿತ್ತು. ಗಾಮಾ ಕೀಲಿನಲ್ಲಿ ನಿಲ್ಲುವುದಿಲ್ಲ, ದೇಹ ದಾಟಿ ಆಚೆ ಹೋಗುತ್ತದೆ. ಅದಕ್ಕೇ ಮುಂದೆ ಮೊಣಕಾಲಿಗೆ ಯಿಟ್ರಿಯಂ-90 ಬಂತು. ಅದು ಸೂಸುವುದು ಹೆಚ್ಚುಕಡಿಮೆ ಬರೀ ಬೀಟಾ.

ನಾವು ಮೊದಲು ವಿಚಾರಿಸಿದ್ದು ಬೇರೊಂದು ಕಡೆ. ಅಲ್ಲಿ ನಾನು ಕೇಳಿದ್ದು ಒಂದೇ ಮಾತು: "ಸರ್, ಒಳಪೊರೆ ಸುಡುತ್ತದೆ ಸರಿ, ಅದರ ಎದುರಿಗೇ ಕಾರ್ಟಿಲೇಜ್ ಇದೆಯಲ್ಲ, ಅದಕ್ಕೆ ಎಷ್ಟು ಹೋಗುತ್ತದೆ?" ಉತ್ತರ ಬಂದಿದ್ದು: "ಏನೂ ಆಗೂದಿಲ್ರೀ, ಚಿಂತಿ ಮಾಡಬ್ಯಾಡ್ರಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅದು ಉತ್ತರವಲ್ಲ. ಕಾರ್ಟಿಲೇಜ್ ಎಂದರೆ ಮೂಳೆಯ ತುದಿಗಿರುವ ನುಣುಪಾದ ಮೃದ್ವಸ್ಥಿ. ನಮ್ಮ ಕಡೆ ಗಾದಿ ಸವೆದಿದೆ ಎನ್ನುತ್ತಾರಲ್ಲ, ಅದೇ. ಅದರೊಳಗೆ ರಕ್ತನಾಳ ಇಲ್ಲ. ಒಮ್ಮೆ ಹಾಳಾದರೆ ತಾನಾಗಿ ಬೆಳೆದು ಸರಿಹೋಗುವುದು ತೀರಾ ಕಷ್ಟ. ಅವ್ವನಿಗೆ ಉಳಿದಿದ್ದೇ ಅಷ್ಟು. ಅದಕ್ಕೆ ಎಷ್ಟು ಬೀಳುತ್ತದೆ ಎಂದು ತಿಳಿಯದೆ ಸಹಿ ಹಾಕಲು ನನಗೆ ಮನಸ್ಸಾಗಲಿಲ್ಲ.

ಬೆಳಗಾವಿಯ ಈ ವಿಭಾಗದಲ್ಲಿ ಅದೇ ಪ್ರಶ್ನೆ ಕೇಳಿದಾಗ ಡಾಕ್ಟರು ನೇರವಾಗಿ ಮೆಡಿಕಲ್ ಫಿಸಿಸಿಸ್ಟ್, ಅಂದರೆ ವಿಕಿರಣದ ಲೆಕ್ಕ ನೋಡುವ ಭೌತಶಾಸ್ತ್ರಜ್ಞೆ, ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ, ಹುಕ್ಕೇರಿ ಕಡೆಯವರು. ಅವ್ವನನ್ನು "ಅಮ್ಮಾರ, ಇಲ್ಲಿ ಕುಂಡ್ರರಿ" ಎಂದು ಕುರ್ಚಿ ಎಳೆದು ಕೂರಿಸಿ, ನನ್ನ ಕಡೆ ತಿರುಗಿ "ಮೇಡಂ, ನೀವ ಏನ್ ಕಲಸ್ತೀರಿ?" ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ಕಾಗದ, ಪೆನ್ನು ತೆಗೆದುಕೊಂಡು ನನ್ನ ಎದುರಿಗೇ ಲೆಕ್ಕ ಶುರು ಮಾಡಿದರು. ಹೊರಗೆ ಸಾಲು ಇತ್ತು. ಆದರೂ ಅವಸರ ಮಾಡಲಿಲ್ಲ. ಈ ಒಂದು ಗುಣಕ್ಕೆ ನಾನು ಅವರಿಗೆ ಋಣಿ.

ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಪಿಯುಸಿ ವಿಜ್ಞಾನ ಓದಿದ ಯಾರು ಬೇಕಾದರೂ ಮಾಡಬಹುದು.

ಮೊಣಕಾಲಿಗೆ ಸಾಮಾನ್ಯವಾಗಿ ಹಾಕುವ ಪ್ರಮಾಣ 5 ಮಿಲಿಕ್ಯೂರಿ, ಅಂದರೆ 185 ಮೆಗಾಬೆಕ್ವೆರಲ್. ಎರಡೂ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎಂದು ಹೇಳುವ ಅಳತೆಗಳು. ಯಿಟ್ರಿಯಂ-90ರ ಅರ್ಧಾಯುಷ್ಯ ಸುಮಾರು 64 ಗಂಟೆ. ಹಾಕಿದ್ದೆಲ್ಲ ಕೀಲಿನೊಳಗೇ ಉಳಿದು ಪೂರ್ತಿ ಕ್ಷಯವಾದರೆ ಒಟ್ಟು ಸುಮಾರು 62 ಲಕ್ಷ ಕೋಟಿ ವಿಘಟನೆಗಳು, ಅಂದರೆ ಅಷ್ಟು ಪರಮಾಣು ಒಡೆಯುತ್ತವೆ. ಒಂದೊಂದರಲ್ಲೂ ಬೀಟಾ ಕಣ ಹೊತ್ತು ತರುವ ಸರಾಸರಿ ಶಕ್ತಿ 0.93 ಎಂಇವಿ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ಗುಣಿಸಿದರೆ ಒಟ್ಟು 9.2 ಜೂಲ್. ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ನೆಲದಿಂದ ಒಂದು ಮೀಟರ್ ಎತ್ತಲು ಬೇಕಾಗುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಈ ಶಕ್ತಿ ಇಡೀ ದೇಹಕ್ಕೆ ಹರಡುವುದಿಲ್ಲ. ಬೀಟಾ ಕಣ ಮಾಂಸದಲ್ಲಿ ದೂರ ಹೋಗಲಾರದು. ಯಿಟ್ರಿಯಂನ ಅತಿ ಬಲವಾದ ಕಣವೂ 11 ಮಿಲಿಮೀಟರ್ ಹೊತ್ತಿಗೆ ನಿಂತುಬಿಡುತ್ತದೆ. ಬಹುಪಾಲು ಶಕ್ತಿ ಮೊದಲ ಮೂರು ನಾಲ್ಕು ಮಿಲಿಮೀಟರಿನಲ್ಲೇ ಬೀಳುತ್ತದೆ.

ಈಗ ಮೊಣಕಾಲಿನ ಒಳಪೊರೆಯ ವಿಸ್ತೀರ್ಣ 250 ಚದರ ಸೆಂಟಿಮೀಟರ್ ಎಂದು ಹಿಡಿಯೋಣ. ಊದಿದ ಪೊರೆ 4 ಮಿಲಿಮೀಟರ್ ದಪ್ಪ ಎಂದು ಹಿಡಿದರೆ ಅದರ ತೂಕ ಸುಮಾರು 100 ಗ್ರಾಂ. ಅಷ್ಟೂ 9.2 ಜೂಲ್ ಅದಕ್ಕೇ ಹೋದರೆ 92 ಗ್ರೇ. ಒಂದು ಕಿಲೋಗೆ ಒಂದು ಜೂಲ್ ಬಿದ್ದರೆ ಒಂದು ಗ್ರೇ, ಅಷ್ಟೇ ಲೆಕ್ಕ. ಒಳಪೊರೆಗೆ ನೂರು ಗ್ರೇ ಆಸುಪಾಸು ಎಂದು ವೈದ್ಯರು ಹೇಳುವುದು ಹೀಗೆ ಬರುತ್ತದೆ.

ಎಲ್ಲರೂ ನಿಲ್ಲಿಸುವುದು ಇಲ್ಲಿಗೇ. ಆದರೆ ಇಲ್ಲಿಂದ ಮುಂದೆಯೇ ನಮ್ಮ ಪ್ರಶ್ನೆ ಇರುವುದು, ಅಲ್ವಾ? ಬೀಟಾ ಕಣಕ್ಕೆ ದಿಕ್ಕು ಗೊತ್ತಿಲ್ಲ. ಔಷಧಿ ಒಳಪೊರೆಯ ಮೇಲ್ಮೈಯಲ್ಲಿ ತೆಳುವಾಗಿ ಕೂತಿದ್ದರೆ ಅರ್ಧ ಕಣಗಳು ಪೊರೆಯ ಒಳಕ್ಕೆ ಹೋಗುತ್ತವೆ, ಇನ್ನರ್ಧ ಕೀಲಿನ ಪೊಳ್ಳಿನ ಕಡೆಗೆ. ಆ ಪೊಳ್ಳಿನ ಆಚೆ ದಡದಲ್ಲಿ ಇರುವುದು ಕಾರ್ಟಿಲೇಜ್. ಹಾಗೆ ಪಾಲು ಮಾಡಿದರೆ ಒಳಪೊರೆಯ ಸರಾಸರಿ 92 ಅಲ್ಲ, 46 ಗ್ರೇ. ಉಳಿದ 46ರ ಪಾಲು ಎಲ್ಲಿಗೆ ಹೋಯಿತು ಎಂದು ಹುಡುಕುವುದೇ ಕಾರ್ಟಿಲೇಜಿನ ಡೋಸ್ ಅಂದಾಜು.

ಫಿಸಿಸಿಸ್ಟ್ ಇದನ್ನು ಮೂರು ಜಾಗವಾಗಿ ಬೇರ್ಪಡಿಸಿ ತೋರಿಸಿದರು. ನನಗೆ ತುಂಬಾ ಹಿಡಿಸಿದ್ದು ಇದು. ಮೊದಲನೆಯದು, ಒಳಪೊರೆಗೆ ಎದುರಾಗಿರುವ ಅಂಚಿನ ಕಾರ್ಟಿಲೇಜ್. ಇಲ್ಲಿಗೇ ಜಾಸ್ತಿ ಬೀಳುವುದು. ಎರಡನೆಯದು, ತೊಡೆಮೂಳೆ ಮತ್ತು ಕಣಕಾಲಿನ ಮೂಳೆ ಒಂದರ ಮೇಲೊಂದು ಕೂರುವ ನಡುಭಾಗ. ಅಲ್ಲಿ ಒಳಪೊರೆಯೇ ಇಲ್ಲ, ದ್ರವವೂ ತೆಳುವಾಗಿ ಇರುತ್ತದೆ. ಹಾಗಾಗಿ ಔಷಧಿ ಪೊರೆಗೆ ಅಂಟಿಕೊಂಡ ಮೇಲೆ ಅಲ್ಲಿಗೆ ಬರುವುದು ಕಡಿಮೆ. ಮೂರನೆಯದು, ಕಾರ್ಟಿಲೇಜಿನ ಬುಡ, ಅಂದರೆ ಮೂಳೆಗೆ ತಾಗುವ ಪದರ. ಮೊಣಕಾಲಿನ ಕಾರ್ಟಿಲೇಜ್ ಬಹುತೇಕ ಕಡೆ 2ರಿಂದ 4 ಮಿಲಿಮೀಟರ್ ದಪ್ಪ ಇರುತ್ತದೆ. ಮಂಡಿಚಿಪ್ಪಿನ ಹಿಂದೆ ಇನ್ನೂ ದಪ್ಪ. ಬೀಟಾ ಡೋಸ್ ಆಳಕ್ಕೆ ಹೋದಂತೆ ಬೇಗ ಇಳಿಯುತ್ತದೆ. 5 ಮಿಲಿಮೀಟರ್ ದಾಟುವ ಹೊತ್ತಿಗೆ ಮೇಲ್ಮೈಯಲ್ಲಿ ಇದ್ದದ್ದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಆದ್ದರಿಂದ ಇಡೀ ಕಾರ್ಟಿಲೇಜಿಗೆ ಸೇರಿಸಿ ಒಂದೇ ಸರಾಸರಿ ಸಂಖ್ಯೆ ಕೊಟ್ಟರೆ ಅದು ಏನನ್ನೂ ಹೇಳುವುದಿಲ್ಲ.

ಅವರು ಕೊಟ್ಟ ಹಾಳೆಯಲ್ಲಿ ಅವ್ವನಿಗೆ ಬರೆದಿದ್ದು ಹೀಗೆ: ಅಂಚಿನ ಕಾರ್ಟಿಲೇಜಿನ ಮೇಲ್ಮೈಗೆ 30ರಿಂದ 60 ಗ್ರೇ. 3 ಮಿಲಿಮೀಟರ್ ಕೆಳಗೆ 10 ಗ್ರೇ ಆಸುಪಾಸು. ನಡುಭಾಗಕ್ಕೆ ಇದಕ್ಕಿಂತ ಕಡಿಮೆ. ಒಂದೇ ಸಂಖ್ಯೆ ಬರೆಯದೆ 30ರಿಂದ 60 ಎಂದು ಅಗಲವಾದ ಅಂದಾಜು ಕೊಟ್ಟಿದ್ದು ನನಗೆ ನಂಬಿಕೆ ಹುಟ್ಟಿಸಿತು. 42.7 ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಕೀಲಿನೊಳಗಿನ ದ್ರವ ಎಲ್ಲಿ ಒಂದು ಮಿಲಿಮೀಟರ್, ಎಲ್ಲಿ ಎರಡು ಎಂದು ಯಾರಿಗೆ ಗೊತ್ತು? ಯಿಟ್ರಿಯಂನ ಬೀಟಾಕ್ಕೆ ಆ ಒಂದು ಮಿಲಿಮೀಟರ್ ದೊಡ್ಡ ವ್ಯತ್ಯಾಸ. ಇಂಜೆಕ್ಷನ್‌ಗೆ ಮೊದಲು ತುಂಬಿದ ನೀರನ್ನು ತೆಗೆಯುತ್ತಾರೆ. ನೀರು ಉಳಿದರೆ ಔಷಧಿ ಅದರಲ್ಲಿ ತೆಳುವಾಗಿ ಕಲೆತು ಪೊರೆಗೆ ಸರಿಯಾಗಿ ಸೇರುವುದಿಲ್ಲ.

30, 60 ಗ್ರೇ ಎಂದು ಕೇಳಿ ನನ್ನ ತಮ್ಮ ಗಾಬರಿಯಾದ. ಕ್ಯಾನ್ಸರ್ ರೇಡಿಯೇಷನ್‌ನಲ್ಲಿ ದಿನಕ್ಕೆ 2 ಗ್ರೇಯಂತೆ ವಾರಗಟ್ಟಲೆ ಕೊಟ್ಟು 60ರ ಹತ್ತಿರ ಮುಟ್ಟಿಸುತ್ತಾರೆ ಎಂದು ಅವನು ಎಲ್ಲೋ ಓದಿದ್ದ. "ಅಕ್ಕಾ, ಅಷ್ಟು ಕಾಲಿಗೆ ಹಾಕ್ತಾರೇನು?" ಎಂದ. ಅವನ ಗಾಬರಿ ತಪ್ಪಲ್ಲ. ಸಂಖ್ಯೆ ನಿಜವಾಗಿಯೂ ಸಣ್ಣದಲ್ಲ. ಆದರೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಿರಣ ಚರ್ಮದಿಂದ ಶುರುವಾಗಿ ದಪ್ಪ ಮಾಂಸವನ್ನು ದಾಟಿ ಹೋಗುತ್ತದೆ. ಇಲ್ಲಿ ಕೆಲವೇ ಮಿಲಿಮೀಟರಿನ ಪದರ. ಅದೂ ಒಂದೇ ಸಲಕ್ಕಲ್ಲ, ಯಿಟ್ರಿಯಂ ಕ್ಷಯವಾದಂತೆ ದಿನದಿಂದ ದಿನಕ್ಕೆ ಇಳಿಯುತ್ತಾ ಬೀಳುವುದು. 18 ದಿನಕ್ಕೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿದಿರುತ್ತದೆ. ಇನ್ನೊಂದು ಮುಖ್ಯ ಕಾರಣ ಜೀವಕೋಶದ್ದು. ವಿಕಿರಣಕ್ಕೆ ಬೇಗ ಸಾಯುವುದು ಪದೇ ಪದೇ ವಿಭಜನೆಯಾಗುವ ಕೋಶಗಳು. ಊದಿದ ಒಳಪೊರೆ ಹಾಗೆ ಬೆಳೆಯುತ್ತಿರುತ್ತದೆ. ಕಾರ್ಟಿಲೇಜಿನ ಕೋಶಗಳು ಸಂಖ್ಯೆಯಲ್ಲೂ ಕಡಿಮೆ, ದೊಡ್ಡವರಲ್ಲಿ ಅವು ವಿಭಜನೆಯಾಗುವುದೂ ಅಪರೂಪ. ಅಷ್ಟೇ ಗ್ರೇ ಬಿದ್ದರೂ ಎರಡಕ್ಕೂ ಆಗುವ ಪೆಟ್ಟು ಒಂದೇ ಅಲ್ಲ. ಮಕ್ಕಳ ವಿಷಯ ಬೇರೆ. ಅವರ ಮೂಳೆಯಲ್ಲಿ ಬೆಳೆಯುವ ಪದರ ಇನ್ನೂ ತೆರೆದಿರುತ್ತದೆ. ಹಿಮೋಫಿಲಿಯಾ (ರಕ್ತ ಹೆಪ್ಪುಗಟ್ಟದ ಕಾಯಿಲೆ) ಇರುವ ಮಕ್ಕಳ ಕೀಲಿಗೆ ಈ ಚಿಕಿತ್ಸೆ ಮಾಡುವಾಗ ಇನ್ನಷ್ಟು ಯೋಚಿಸಿ ನಿರ್ಧರಿಸುತ್ತಾರೆ ಎಂದು ಫಿಸಿಸಿಸ್ಟ್ ಹೇಳಿದರು.

ಇದನ್ನು ತಿಳಿದ ಮೇಲೂ ನಾನು ಒಂದು ಪ್ರಶ್ನೆ ಬಿಡಲಿಲ್ಲ. ಹಾಳೆಯಲ್ಲಿ ಕಾರ್ಟಿಲೇಜ್ ದಪ್ಪ 3 ಮಿಲಿಮೀಟರ್ ಎಂದು ಹಾಕಿದ್ದರು. ಅದು ಅವ್ವನ ಅಳತೆಯಲ್ಲ, ಎಲ್ಲರಿಗೂ ಹಾಕುವ ಅಳತೆ. ಅವ್ವನದು ಒಳಗಡೆ ಪಕ್ಕ ಸವೆದಿದೆ ಎಂದು ಹಿಂದೆ ತೆಗೆಸಿದ ಎಂಆರ್‌ಐನಲ್ಲೇ ಇತ್ತು. ಕಾರ್ಟಿಲೇಜ್ ಸವೆದು ತೆಳುವಾದ ಕಡೆ ಬೀಟಾ ಅದನ್ನು ದಾಟಿ ಕೆಳಗಿನ ಮೂಳೆಗೆ ತಲುಪುತ್ತದೆ. ಹಾಗಾದರೆ ಬುಡಕ್ಕೆ 10 ಗ್ರೇ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ನಾನು ಎಂಆರ್‌ಐ ಸಿಡಿ ಕೊಟ್ಟ ಮೇಲೆ ಅವರು ಸವೆದ ಜಾಗಕ್ಕೆ ಬೇರೆ ಸಾಲು ಸೇರಿಸಿ ಹೊಸ ಹಾಳೆ ಕೊಟ್ಟರು. ಮುಖ ಸಿಂಡರಿಸಲಿಲ್ಲ. ಆದರೂ ಇದು ನನ್ನ ಮೊದಲ ದೂರು: ಎಂಆರ್‌ಐ ಇದೆಯಾ ಎಂದು ಅವರೇ ಮೊದಲು ಕೇಳಬೇಕಿತ್ತು. ಒಳಪೊರೆಯ ದಪ್ಪವನ್ನು ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಅಳೆದರು. ಅದೇ ಕಾಳಜಿ ಕಾರ್ಟಿಲೇಜಿಗೂ ಬೇಡವೇ?

ಈ ಕೊರತೆ ಈ ಒಂದು ವಿಭಾಗದ್ದು ಮಾತ್ರ ಅಲ್ಲ, ಇಡೀ ಪದ್ಧತಿಯದ್ದು. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಡೋಸ್ ಲೆಕ್ಕಕ್ಕೆ ಮಿರ್ಡ್ ಎಂಬ ಹಳೆಯ, ಗಟ್ಟಿ ವಿಧಾನವಿದೆ. ಒಂದು ಅಂಗದಲ್ಲಿ ಒಟ್ಟು ಎಷ್ಟು ವಿಘಟನೆ ಆಯಿತು ಎಂದು ಕಂಡುಹಿಡಿದು, ಅದನ್ನು ಆ ಅಂಗದ ಆಕಾರ ಮತ್ತು ತೂಕಕ್ಕೆ ತಕ್ಕ ಒಂದು ಗುಣಕದಿಂದ ಗುಣಿಸುವುದು. ಅದನ್ನೇ ಮಾಡುವ ಓಲಿಂಡಾ ಎಂಬ ತಂತ್ರಾಂಶ ಬಹಳ ಕಡೆ ಬಳಕೆಯಲ್ಲಿದೆ. ಅದರ ಪಟ್ಟಿಯಲ್ಲಿ ಲಿವರ್ ಇದೆ, ಕಿಡ್ನಿ ಇದೆ, ಮೂಳೆ ಮಜ್ಜೆ ಇದೆ. ಮೊಣಕಾಲಿನ ಕಾರ್ಟಿಲೇಜ್ ಇಲ್ಲ. ಅದರಲ್ಲಿರುವ ಗೋಳದ ಮಾದರಿಯನ್ನು ಬಳಸಿ ಒಂದು ಸಂಖ್ಯೆ ತೆಗೆಯಬಹುದು. ಆದರೆ ಕಾರ್ಟಿಲೇಜ್ ಗೋಳ ಅಲ್ಲ, ತೆಳುವಾದ ಬಾಗಿದ ಪದರ. ಅಲ್ಲಿ ಬೇಕಾಗುವುದು ಪದರದಿಂದ ಪದರಕ್ಕೆ ಡೋಸ್ ಹೇಗೆ ಇಳಿಯುತ್ತದೆ ಎಂಬ ಲೆಕ್ಕ. ಅದನ್ನು ಮಾಂಟೆ ಕಾರ್ಲೋ ವಿಧಾನದಿಂದ ಮಾಡುತ್ತಾರೆ. ಲಕ್ಷಗಟ್ಟಲೆ ಬೀಟಾ ಕಣಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ಓಡಿಸಿ, ಎಲ್ಲಿ ಎಷ್ಟು ಶಕ್ತಿ ಬಿಟ್ಟಿತು ಎಂದು ಕೂಡಿಸುವುದು. ಗೇಟ್ ಎಂಬ ತಂತ್ರಾಂಶ ಇದಕ್ಕೆ ಉಚಿತವಾಗಿ ಸಿಗುತ್ತದೆ. ಅದರ ಕೆಳಗೆ ಕೆಲಸ ಮಾಡುವುದು ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಹುಟ್ಟಿದ ಜಿಯಾಂಟ್-4 ಎಂಬ ತಂತ್ರಾಂಶ. ನಮ್ಮ ಫಿಸಿಸಿಸ್ಟ್ ತಮ್ಮ ಆಳದ ಪಟ್ಟಿಯನ್ನು ಗೇಟ್‌ನಲ್ಲಿ ಪದರದ ಮಾದರಿ ಕಟ್ಟಿ ತಾವೇ ಮಾಡಿಕೊಂಡಿದ್ದಾರಂತೆ. ಕೇಳಿ ನನಗೆ ತುಂಬಾ ಖುಷಿಯಾಯಿತು. ಬೆಳಗಾವಿಯಲ್ಲಿ ಕೂತು ಇಷ್ಟು ಮಾಡುವವರು ಇದ್ದಾರೆ ಎಂದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಅವ್ವನ ಬೆರಳುಗಳ ಕೀಲಿನಲ್ಲೂ ಸ್ವಲ್ಪ ಊತ ಉಳಿದಿತ್ತು. "ಇದಕ್ಕೂ ಅದನ್ನೇ ಹಾಕ್ರಿ, ಒಮ್ಮೆಲೆ ಮುಗೀಲಿ" ಎಂದು ಅವ್ವ ಹೇಳಿದರು. ಡಾಕ್ಟರು ಒಪ್ಪಲಿಲ್ಲ. ಅದು ಸರಿಯಾದ ತೀರ್ಮಾನ. ಬೆರಳಿನ ಕೀಲಿನ ಕಾರ್ಟಿಲೇಜ್ ಒಂದು ಮಿಲಿಮೀಟರಿಗಿಂತ ತೆಳು. ಯಿಟ್ರಿಯಂ ಅಲ್ಲಿ ಕಾರ್ಟಿಲೇಜ್, ಮೂಳೆ, ಚರ್ಮ ಎಲ್ಲವನ್ನೂ ಮುಟ್ಟಿಬಿಡುತ್ತದೆ. ಬೆರಳಿಗೆ ಎರ್ಬಿಯಂ-169 ಎಂಬ ಬೇರೆ ವಿಕಿರಣ ವಸ್ತು ಬಳಸುತ್ತಾರೆ. ಅದರ ಕಣ ಹೆಚ್ಚೆಂದರೆ ಒಂದು ಮಿಲಿಮೀಟರ್ ಹೋಗುತ್ತದೆ, ಸರಾಸರಿ 0.3 ಮಿಲಿಮೀಟರ್. ಮಣಿಕಟ್ಟು, ಮೊಣಕೈ, ಭುಜಕ್ಕೆ ರೇನಿಯಂ-186, ಅದು ಹೆಚ್ಚೆಂದರೆ 3.7 ಮಿಲಿಮೀಟರ್. ಹೀಗೆ ಕೀಲಿಗೆ ತಕ್ಕ ಐಸೋಟೋಪ್, ಅಂದರೆ ವಿಕಿರಣ ವಸ್ತು, ಆರಿಸುವುದರ ಹಿಂದೆ ಇರುವುದೂ ಕಾರ್ಟಿಲೇಜ್ ಮತ್ತು ಮೂಳೆಯನ್ನು ಕಾಪಾಡುವ ಲೆಕ್ಕವೇ. ಯಾರಾದರೂ ಸಣ್ಣ ಕೀಲಿಗೂ ಯಿಟ್ರಿಯಂ ಹಾಕುತ್ತೇವೆ ಎಂದರೆ ದಯವಿಟ್ಟು ಎದ್ದು ಬನ್ನಿ.

ಇನ್ನು ಇಂಜೆಕ್ಷನ್ ದಿನದ ವಿಷಯ. ಔಷಧಿ ಮುಂಬೈ ಕಡೆಯಿಂದ ಬರುವುದು. ಅವ್ವನಿಗೆ ಹಾಕಿದ್ದು ಹೈಡ್ರಾಕ್ಸಿಅಪಟೈಟ್ ಕಣಗಳಿಗೆ ಅಂಟಿಸಿದ ಯಿಟ್ರಿಯಂ. ನಮ್ಮ ಮೂಳೆಯಲ್ಲಿರುವ ಖನಿಜವೂ ಅದೇ ಜಾತಿಯದು, ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಈ ಬಗೆಯ ಕಣಗಳ ಮೇಲೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಬಹಳ ಕೆಲಸ ಮಾಡಿದ್ದಾರೆ. ಕಣ ತೀರಾ ಸಣ್ಣದಾದರೆ ಕೀಲಿನಿಂದ ಸೋರಿ ತೊಡೆಸಂದಿಯ ಗ್ರಂಥಿಗಳಿಗೆ ಹೋಗುತ್ತದೆ. ತೀರಾ ದೊಡ್ಡದಾದರೆ ಒಳಪೊರೆಯ ಕೋಶಗಳು ಅದನ್ನು ನುಂಗಲಾರವು. ಕೋಶಗಳು ನುಂಗಿದರೆ ಔಷಧಿ ಪೊರೆಗೇ ಅಂಟಿ ಕೂರುತ್ತದೆ. ನುಂಗದೆ ದ್ರವದಲ್ಲೇ ತೇಲುತ್ತಿದ್ದರೆ ಕಾರ್ಟಿಲೇಜಿನ ಮೇಲೂ ಬಂದು ನಿಲ್ಲುತ್ತದೆ. ಅಂದರೆ ಕಣದ ಗಾತ್ರವೂ ಕಾರ್ಟಿಲೇಜಿನ ಡೋಸನ್ನು ನಿರ್ಧರಿಸುತ್ತದೆ.

ಪಾರ್ಸಲ್ ಒಂದು ದಿನ ತಡವಾಗಿ ಬಂತು. ನಾವು ಹಿರೇಬಾಗೇವಾಡಿ ದಾಟಿ ಬೆಳಗಾವಿ ಹತ್ತಿರ ಬಂದ ಮೇಲೆ ಫೋನು ಬಂತು. ಅವ್ವನನ್ನು ಆ ಕಾಲಿನಲ್ಲಿ ಮತ್ತೆ ಬಸ್ಸು ಹತ್ತಿಸುವುದು ಬೇಡವೆಂದು ನೆಂಟರ ಮನೆಯಲ್ಲಿ ಉಳಿದೆವು. ಇದು ಎರಡನೆಯ ದೂರು. ತಡವಾಗುವುದು ಅವರ ಕೈಯಲ್ಲಿಲ್ಲ. ಆದರೆ ಹೊರಡುವ ಮೊದಲೇ ತಿಳಿಸಬಹುದಿತ್ತು. ತಡದ ಪರಿಣಾಮ ಬರೀ ಓಡಾಟಕ್ಕಲ್ಲ. 24 ಗಂಟೆಯಲ್ಲಿ ಯಿಟ್ರಿಯಂ 77 ಶೇಕಡಕ್ಕೆ ಇಳಿಯುತ್ತದೆ. 5 ಇದ್ದದ್ದು 3.9 ಆಗುತ್ತದೆ. ಪುಣ್ಯಕ್ಕೆ ಅವರು ಸ್ವಲ್ಪ ಹೆಚ್ಚಿಗೆ ತರಿಸಿದ್ದರು.

ಮರುದಿನ ಅವರು ಮಾಡಿದ್ದು ನನಗೆ ಸಮಾಧಾನ ಕೊಟ್ಟಿತು. ಸಿರಿಂಜನ್ನು ಹಾಕುವ ಮೊದಲು ಡೋಸ್ ಕ್ಯಾಲಿಬ್ರೇಟರ್ ಎಂಬ ವಿಕಿರಣ ಅಳೆಯುವ ಯಂತ್ರದಲ್ಲಿ ಅಳೆದರು. ಹಾಕಿದ ಮೇಲೆ ಖಾಲಿ ಸಿರಿಂಜನ್ನು ಮತ್ತೆ ಅಳೆದು ಉಳಿದದ್ದನ್ನು ಕಳೆದರು. ಒಳಗೆ ಹೋಗಿದ್ದು 4.4 ಮಿಲಿಕ್ಯೂರಿ. ಶುದ್ಧ ಬೀಟಾವನ್ನು ಈ ಯಂತ್ರ ನೇರವಾಗಿ ಅಳೆಯಲಾರದು. ಬೀಟಾ ನಿಲ್ಲುವಾಗ ಹುಟ್ಟುವ ಎಕ್ಸ್-ರೇಯನ್ನು ಅಳೆದು ಅಂದಾಜು ಮಾಡುತ್ತದೆ. ಗಾಜಿನ ಸೀಸೆಗೂ ಪ್ಲಾಸ್ಟಿಕ್ ಸಿರಿಂಜಿಗೂ ಬೇರೆ ಬೇರೆ ಗುಣಕ ಬೇಕು. ಅದು ಹಾಕಿದ್ದೀರಾ ಎಂದು ಕೇಳಿದೆ. ಹಾಕಿದ್ದರು. ಈ ಅಳತೆ ತಪ್ಪಿದರೆ ಮುಂದಿನ ಇಡೀ ಲೆಕ್ಕ ತಪ್ಪು. ಆಮೇಲೆ ಹಳೆಯ ಹಾಳೆಯ 5ನ್ನು ಹೊಡೆದು 4.4ರಿಂದ ಹೊಸ ಲೆಕ್ಕ ಬರೆದರು. ಎಲ್ಲಾ ಸಂಖ್ಯೆಗಳೂ ಶೇಕಡ 12ರಷ್ಟು ಇಳಿದವು.

ಇಂಜೆಕ್ಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿದರು, ನೀರು ತೆಗೆದರು, ಔಷಧಿ ಹಾಕಿದರು, ಜೊತೆಗೆ ಸ್ಟಿರಾಯ್ಡ್ ಹಾಕಿದರು, ಸೂಜಿಯನ್ನು ಸಲೈನ್‌ನಿಂದ ತೊಳೆದು ಹೊರತೆಗೆದರು. ಸೂಜಿ ಹೋದ ದಾರಿಯಲ್ಲಿ ಔಷಧಿ ಉಳಿದರೆ ಚರ್ಮ ಸುಡುತ್ತದೆ, ಅದಕ್ಕೆ ಈ ತೊಳೆಯುವುದು. ಅವ್ವನಿಗೆ ಮಾಮೂಲಿ ಇಂಜೆಕ್ಷನ್‌ಗಿಂತ ಜಾಸ್ತಿ ನೋವಾಗಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿ ಎರಡು ದಿನ ಮಡಚಬೇಡಿ ಎಂದರು. ಕಾಲು ಆಡಿಸಿದರೆ ಔಷಧಿ ಸೋರುವುದು ಜಾಸ್ತಿ.

ಆಮೇಲೆ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಅದೇ ಎಕ್ಸ್-ರೇಯಿಂದ ಬರುವ ಚಿತ್ರ. ಮಬ್ಬು ಮಬ್ಬಾಗಿರುತ್ತದೆ. ಆದರೂ ಔಷಧಿ ಎಲ್ಲಿ ಹರಡಿದೆ ಎಂದು ಗೊತ್ತಾಗುತ್ತದೆ. ತೊಡೆಸಂದಿಯಲ್ಲಿ ಏನೂ ಕಾಣಲಿಲ್ಲ, ಅದು ಒಳ್ಳೆಯದು. ಆದರೆ ಮಂಡಿಚಿಪ್ಪಿನ ಮೇಲಿನ ಚೀಲದಲ್ಲಿ ಜಾಸ್ತಿ, ಕೆಳಗೆ ಕಡಿಮೆ ಸೇರಿತ್ತು. ಹಾಳೆಯ ಲೆಕ್ಕವೆಲ್ಲ ಸಮವಾಗಿ ಹರಡಿದೆ ಎಂದು ಹಿಡಿದು ಮಾಡಿದ್ದು. ಇಂಥ ಅಂದಾಜಿನಲ್ಲಿ ಅತಿ ದೊಡ್ಡ ಅನಿಶ್ಚಿತತೆ ಇರುವುದು ಇಲ್ಲಿಯೇ. ಚೀಲದ ಎದುರಿನ ತೊಡೆಮೂಳೆ ಮುಂಭಾಗದ ಕಾರ್ಟಿಲೇಜಿಗೆ ನಾವು ಬರೆದುಕೊಂಡ ಗಡಿಯ ಮೇಲ್ತುದಿಯೇ ಅನ್ವಯವಾಗುತ್ತದೆ ಎಂದು ಫಿಸಿಸಿಸ್ಟ್ ಮುಚ್ಚುಮರೆ ಇಲ್ಲದೆ ಹೇಳಿದರು. ಚಿತ್ರದ ಪಕ್ಕ ಒಂದು ಟಿಪ್ಪಣಿ ಬರೆದು ಫೈಲಿಗೆ ಸೇರಿಸಿದರು. ಮುಂದೆ ಇದೇ ಮೊಣಕಾಲಿಗೆ ಮತ್ತೊಮ್ಮೆ ಹಾಕಬೇಕಾದರೆ ಹಳೆಯ ಡೋಸ್ ಲೆಕ್ಕಕ್ಕೆ ಬೇಕೇ ಬೇಕಲ್ಲ. ಸಾಮಾನ್ಯವಾಗಿ ಆರು ತಿಂಗಳಾದರೂ ಕಾದು ಎರಡನೆಯದು ಹಾಕುತ್ತಾರೆ. ಆಗ ಈ ಹಾಳೆ ಇಲ್ಲದಿದ್ದರೆ ಕಾರ್ಟಿಲೇಜಿಗೆ ಒಟ್ಟು ಎಷ್ಟಾಯಿತು ಎಂದು ಯಾರೂ ಹೇಳಲಾರರು.

ಕಡಿದ ಅಂಕ ಎಲ್ಲಿಗೆ ಹೋಯಿತು ಎಂದರೆ, ಮುಖ್ಯವಾಗಿ ಈ ಹಾಳೆ ಕೇಳಿದವರಿಗೆ ಮಾತ್ರ ಸಿಗುತ್ತದೆ. ನಾನು ಕೇಳಿದೆ, ಸಿಕ್ಕಿತು. ಅದೇ ದಿನ ಅಥಣಿ ಕಡೆಯ ಒಬ್ಬ ಅಜ್ಜ ಅದೇ ಇಂಜೆಕ್ಷನ್‌ಗೆ ಕೂತಿದ್ದರು. ಅವರ ಫೈಲಿನಲ್ಲಿ ಎಷ್ಟು ಮಿಲಿಕ್ಯೂರಿ ಎಂದು ಮಾತ್ರ ಇತ್ತು. ಮಿಲಿಕ್ಯೂರಿ ಎಂದರೆ ಎಷ್ಟು ಹಾಕಿದರು ಎಂದು. ಕೀಲಿನ ಯಾವ ಭಾಗಕ್ಕೆ ಎಷ್ಟು ಬಿತ್ತು ಎಂದು ಅದು ಹೇಳುವುದಿಲ್ಲ. ಆ ಅಜ್ಜನ ಕಾರ್ಟಿಲೇಜಿಗೂ ಲೆಕ್ಕ ಬೇಕು. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅದೂ ಸರಿಯಲ್ಲ. ಓದಲು ಬರುವ ಮಗ, ಮಗಳು ಜೊತೆಗೆ ಇಲ್ಲದವರು ಏನು ಮಾಡಬೇಕು? ಸಂಖ್ಯೆ ಅವೇ ಇರಲಿ, ಪಕ್ಕದಲ್ಲಿ ನಾಲ್ಕು ಸಾಲು ಕನ್ನಡ ಬರೆಯಬಹುದು. ನಾನೇ ಬರೆದುಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅವರು ಬೇಡ ಎನ್ನಲಿಲ್ಲ.

ಹಾಳೆಗೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಪಾರ್ಕಿಂಗ್ ಕಷ್ಟ, ಗಾಲಿಕುರ್ಚಿ ಬಾಗಿಲಲ್ಲೇ ಸಿಕ್ಕಿತು, ಕ್ಯಾಂಟೀನಿನ ಚಹಾ ಚೆನ್ನಾಗಿದೆ.

ಫಲ ತಿಳಿಯಲು ಸಮಯ ಬೇಕು. ಮೊದಲ ಕೆಲವು ವಾರ ಸ್ಟಿರಾಯ್ಡ್‌ನಿಂದಲೇ ಹಗುರ ಅನಿಸಬಹುದು. ಯಿಟ್ರಿಯಂನ ಕೆಲಸ ಕಾಣುವುದು ಒಂದರಿಂದ ಮೂರು ತಿಂಗಳಲ್ಲಿ. ಅವ್ವನಿಗೆ ಈಗ ಆ ಅವಧಿ ದಾಟಿದೆ. ಮೊಣಕಾಲಿನಲ್ಲಿ ನೀರು ಮತ್ತೆ ತುಂಬಿಲ್ಲ. ನೆಲದ ಮೇಲೆ ಕೂತು ರೊಟ್ಟಿ ಬಡಿಯಲು ಇನ್ನೂ ಆಗುವುದಿಲ್ಲ, ಸವೆದ ಕಾರ್ಟಿಲೇಜನ್ನು ಈ ಇಂಜೆಕ್ಷನ್ ತಿರುಗಿ ಕೊಡುವುದಿಲ್ಲ. ಎತ್ತರದ ಕಟ್ಟೆಯ ಮೇಲೆ ನಿಂತು ಬಡಿಯುತ್ತಾರೆ, ಮೊದಲು ಅದೂ ಆಗುತ್ತಿರಲಿಲ್ಲ.

ಹೋಗುವವರು ಇದ್ದರೆ ಎಕ್ಸ್-ರೇ ಜೊತೆಗೆ ಹಳೆಯ ಎಂಆರ್‌ಐ ಸಿಡಿಯನ್ನೂ ತೆಗೆದುಕೊಂಡು ಹೋಗಿ. ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ಪಾರ್ಸಲ್ ಬಂದಿದೆಯಾ ಎಂದು ಖಾತ್ರಿ ಮಾಡಿಕೊಳ್ಳಿ. ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಕೀಲಿನಲ್ಲಿ ಸೋಂಕು ಇರುವವರಿಗೆ, ಮೊಣಕಾಲಿನ ಹಿಂದಿನ ನೀರುಚೀಲ ಒಡೆದಿರುವವರಿಗೆ ಈ ಚಿಕಿತ್ಸೆ ಮಾಡುವುದಿಲ್ಲ, ಮೊದಲೇ ಹೇಳಿಬಿಡಿ. ಮತ್ತು ಫಿಸಿಸಿಸ್ಟ್ ಹತ್ತಿರ ಕೂತು ಮೂರು ಸಂಖ್ಯೆ ಬರೆಸಿಕೊಳ್ಳಿ: ಒಳಪೊರೆಗೆ ಎಷ್ಟು, ಅಂಚಿನ ಕಾರ್ಟಿಲೇಜಿನ ಮೇಲ್ಮೈಗೆ ಎಷ್ಟು, ಅದರ ಬುಡಕ್ಕೆ ಎಷ್ಟು. ಇಂಜೆಕ್ಷನ್ ಆದ ಮೇಲೆ, ನಿಜವಾಗಿ ಒಳಗೆ ಹೋದ ಪ್ರಮಾಣದಿಂದ ಅದೇ ಮೂರನ್ನೂ ಇನ್ನೊಮ್ಮೆ ಬರೆಸಿಕೊಳ್ಳಿ.